ಅವರಿಗೆ ಅಲ್ಲೇ ರೂಢಿ

ಭದ್ರಾವತಿಯ ಹೊಸಮನೆ ಕಡೆಯ ಆ ಶೀಟಿನ ಮನೆಯಲ್ಲಿ ಊಟದ ಹೊತ್ತಿಗೆ ನಾಲ್ಕು ತಟ್ಟೆ ತೊಳೆದಿಟ್ಟರೆ ಮೂರು ಒಳಗೆ ಉಳಿಯುತ್ತಿದ್ದವು, ಒಂದು ಹೊರಗೆ ಹೋಗುತ್ತಿತ್ತು. ಹೊರಗೆ ಎಂದರೆ ದೂರವೇನಲ್ಲ. ಅಡುಗೆಮನೆಯ ಹಿಂಬಾಗಿಲು, ಅದರಾಚೆ ಒಂದು ಮೆಟ್ಟಿಲು, ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಬಂಗಾರಮ್ಮ ಆ ಮೆಟ್ಟಿಲ ಮೇಲೆ, ಮನೆಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದಳು. ಮಳೆ ಬಂದರೆ ಸೆರಗನ್ನು ತಲೆಗೆ ಹೊದ್ದುಕೊಳ್ಳುತ್ತಿದ್ದಳೇ ಹೊರತು ಒಳಗೆ ಬರುತ್ತಿರಲಿಲ್ಲ. ಸೊಸೆ ತನುಜಾಳಿಗೆ ಆ ಬೆನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನಾದೀತು? ಗಿಡ್ಡ ಕಾಂಪೌಂಡಿನ ಆಚೆ ಚಿನ್ನಮ್ಮನ ಮನೆ. ಅವಳಿಗೆ ಬಟ್ಟೆ ಒಣಗಿಸುವ ಕೆಲಸ ಬಂಗಾರಮ್ಮನ ಊಟದ ಹೊತ್ತಿಗೇ ಬರುತ್ತಿತ್ತು. "ಏನು ತನುಜಕ್ಕ, ಅತ್ತೇನ ಇವತ್ತೂ ಹೊರಗೇ ಕೂರಿಸಿದ್ದೀರಾ?" ಎಂದು ನಗುನಗುತ್ತ ಕೇಳುವಳು. ನಗುವಿನೊಳಗೆ ಏನಿದೆ ಎಂಬುದು ತನುಜಾಳಿಗೆ ತಿಳಿಯದೆ ಇರಲಿಲ್ಲ. ಅವಳೂ ಅಷ್ಟೇ ನಗುತ್ತ ಒಂದೇ ಉತ್ತರ ಕೊಡುತ್ತಿದ್ದಳು.

"ಅವರಿಗೆ ಅಲ್ಲೇ ರೂಢಿ ಚಿನ್ನಮ್ಮ. ಹೇಳಿದ್ರೂ ಕೇಳಲ್ಲ."

ಈ ಮಾತನ್ನು ಅವಳು ಚಿನ್ನಮ್ಮನಿಗೆ ಹೇಳಿದ್ದಳು, ಕರೆಂಟು ಬಿಲ್ಲು ಬರೆಯಲು ಬಂದವನಿಗೆ ಹೇಳಿದ್ದಳು, ಅಪರೂಪಕ್ಕೆ ಬರುವ ತವರಿನವರಿಗೂ ಹೇಳಿದ್ದಳು. ಎಷ್ಟು ಸಲ ಹೇಳಿದ್ದಳೆಂದರೆ ಈಗೀಗ ಯಾರೂ ಕೇಳದಿದ್ದರೂ ಬಾಯಿಗೆ ತಾನೇ ಬಂದುಬಿಡುತ್ತಿತ್ತು.

ತನುಜಾ ಹೊಳೆಹೊನ್ನೂರು ಕಡೆಯವಳು. ಅಪ್ಪ ಧರ್ಮಪ್ಪನಿಗೆ ಒಂದಿಷ್ಟು ಗದ್ದೆ ಇತ್ತು. ಜಾತಿಯ ಲೆಕ್ಕಕ್ಕೆ ಬಂದರೆ ಈ ಮನೆಗಿಂತ ಮೇಲಿನವಳು. ಕಾಗದದ ಕಾರ್ಖಾನೆಯಲ್ಲಿ ಕಂತ್ರಾಟು ಕೆಲಸಕ್ಕಿದ್ದ ಹಾಲೇಶನನ್ನು ತಾನಾಗಿ ಮೆಚ್ಚಿ ಬಂದಾಗ ತವರಿನವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಹಾಗೆ ಬಂದವಳಿಗೆ ತಾನು ಬಿಟ್ಟುಬಂದದ್ದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು ಎನ್ನುವುದನ್ನು ಮುಚ್ಚಿಡುವುದೇಕೆ? ಜಾತಿ ಗೀತಿ ನೋಡದೆ ಬಂದ ನನಗೆ ಈ ಮುದುಕಿ ಊರ ಮುಂದೆ ಕೆಟ್ಟ ಹೆಸರು ತರುತ್ತಿದ್ದಾಳಲ್ಲ ಎಂಬುದೇ ಅವಳ ಸಿಟ್ಟು.

ಬಂಗಾರಮ್ಮ ಒಂದು ಕಾಲಕ್ಕೆ ತುಂಗಾಪ್ರಸಾದ ನಾಟಕ ಮಂಡಳಿಯ ಹಾಡುಗಾರ್ತಿ. ಅವಳ ಅಪ್ಪ ಆ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಊರಾಚೆಯ ಕೇರಿಯಿಂದ ಬಂದವನಿಗೆ ಅದಕ್ಕಿಂತ ಮುಂದಿನ ಕೆಲಸ ಯಾರು ಕೊಡಬೇಕು? ಪರದೆಯ ಹಗ್ಗದ ಬುಡದಲ್ಲಿ ಆಡಿಕೊಂಡು ಬೆಳೆದ ಹುಡುಗಿಗೆ ಅಷ್ಟೂ ನಾಟಕದ ಹಾಡುಗಳು ಬಾಯಿಗೆ ಬಂದಿದ್ದವು. ನಾಯಕಿ ಗಂಟಲು ಕಟ್ಟಿ ಮಲಗಿದ ಒಂದು ದಿನ ಮಾಲೀಕ ಪುಟ್ಟಣ್ಣ ಮಾಸ್ತರರು ಇವಳ ಮುಖಕ್ಕೆ ಬಣ್ಣ ಬಳಿಸಿ ರಂಗಕ್ಕೆ ತಳ್ಳಿದರು. ಅಲ್ಲಿಂದ ಮುಂದೆ ರಾಣಿಯ ಪಾತ್ರವೆಲ್ಲ ಇವಳದೇ ಆಯಿತು. ಜನ ಒನ್ಸ್ ಮೋರ್ ಕೂಗಿ ಕೂಗಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಹಾಡು ಕಟ್ಟಿದವರು ಪುಟ್ಟಣ್ಣ ಮಾಸ್ತರರು ಎಂದು ಕರಪತ್ರದಲ್ಲಿ ಅಚ್ಚಾಗುತ್ತಿತ್ತು. ಅದರ ಅರ್ಧ ರಾಗ ಇವಳ ಗಂಟಲಿನಲ್ಲೇ ಹುಟ್ಟಿದ್ದು ಎನ್ನುವುದು ಕಂಪನಿಯ ಒಳಗಿನವರಿಗೆ ಮಾತ್ರ ಗೊತ್ತಿತ್ತು. ಕಂಪನಿ ಮುಚ್ಚಿದ ಮೇಲೆ, ಗಂಡನೂ ತೀರಿಕೊಂಡ ಮೇಲೆ, ಮಗನನ್ನು ಕಟ್ಟಿಕೊಂಡು ಭದ್ರಾವತಿಗೆ ಬಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಅವನನ್ನು ಬೆಳೆಸಿದಳು.

ಅಮ್ಮನ ಆ ಕಾಲದ ಬಗ್ಗೆ ಹಾಲೇಶ್ ಹೇಳುತ್ತಿದ್ದ ಕಥೆ ಒಂದೇ. ಯಾವುದೋ ಊರಿನಲ್ಲಿ ಆಟದ ನಡುವೆ ಡೇರೆಗೆ ಬೆಂಕಿ ಹತ್ತಿತಂತೆ. ಜನ, ನಟರು, ಮಾಲೀಕರು ಎಲ್ಲ ದಿಕ್ಕಾಪಾಲಾದರಂತೆ. ಬಂಗಾರಮ್ಮ ಮಾತ್ರ ಬಣ್ಣದ ಮುಖದಲ್ಲೇ ರಸ್ತೆಯ ನಡುವೆ ನಿಂತು ಮಂಗಳ ಹಾಡಿ ಮುಗಿಸಿದಳಂತೆ. ಆಟ ನಿಂತರೂ ಮಂಗಳ ಹಾಡದೆ ಕಲಾವಿದರು ಏಳಬಾರದು, ಎದ್ದರೆ ಕಂಪನಿಗೆ ಕೇಡು ಎಂಬುದು ಆ ಜನರ ನಂಬಿಕೆ.

ಇಂಥ ಮನೆಗೆ ಒಂದು ಭಾನುವಾರ ಶಿವಮೊಗ್ಗದಿಂದ ಕಾರು ಬಂತು. ಇಳಿದವರು ಪುಟ್ಟಣ್ಣ ಮಾಸ್ತರರ ಮೊಮ್ಮಗ ವಿಷ್ಣುಪ್ರಸಾದ. ಅವರ ಟ್ರಸ್ಟಿನ ಶಾಲೆಯಲ್ಲೇ ತನುಜಾಳ ಮಗಳು ಅನುಷಾ ಸಂಗೀತದ ಟೀಚರು. ಟೆಂಪರರಿ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ಹಳೆಯ ಕಂಪನಿ ಹಾಡುಗಳನ್ನು ಎಲ್ಲಿ ಕಲಿತಿರಿ ಎಂದು ಅವರು ಕೇಳಿದಾಗ ಅಜ್ಜಿಯ ಹೆಸರು ಹೇಳಿದ್ದಳು.

ವಿಷ್ಣುಪ್ರಸಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತನುಜಾ ಕೊಟ್ಟ ಕಾಫಿಯನ್ನು ತುಟಿಗೆ ತಾಗಿಸಿ ಇಟ್ಟು, ವಿಷಯ ತಿಳಿಸಿದರು. ತಾತನ ಜನ್ಮ ಶತಮಾನೋತ್ಸವ. ಬಂಗಾರಮ್ಮನವರು ನಾಂದಿ ಹಾಡಿ ಶುರು ಮಾಡಬೇಕು, ಮಂಗಳ ಹಾಡಿ ಮುಗಿಸಬೇಕು. ಕಲಾವಿದರಿಗೆ ನಮ್ಮ ಮನೆಯಲ್ಲೇ ಎಲೆ ಊಟ. ಏಳುವಾಗ ಅನುಷಾಳ ಕೆಲಸದ ಮಾತನ್ನೂ ತೆಗೆದರು. ಪರ್ಮನೆಂಟ್ ಮಾಡುವ ವಿಷಯ ಕಮಿಟಿಯ ಮುಂದೆ ಬರುತ್ತದೆ, ಅನುಷಾ ನಮ್ಮ ಮನೆಯ ಹುಡುಗಿ ಇದ್ದ ಹಾಗೆ, ಯೋಚನೆ ಬೇಡ ಎಂದರು. ಎರಡು ಮಾತಿಗೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಬಂಗಾರಮ್ಮ ಹಿಂಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡಳು. ಕಾರು ತಿರುಗಿ ಹೋದ ಮೇಲೆ, "ನಾನು ಹೋಗಲ್ಲ" ಎಂದಳು.

"ಯಾಕೆ ಅತ್ತೆ?"

"ಆ ಮನೆ ಅನ್ನ ನಾನು ತಿನ್ನಲ್ಲ."

"ಹಾಡಕ್ಕೆ ಕರೆದಿದ್ದಾರೆ, ಉಣ್ಣಕ್ಕಲ್ಲ."

"ಎರಡೂ ಒಂದೇ. ನಿಂಗೆ ಗೊತ್ತಾಗಲ್ಲ."

ಅಷ್ಟೇ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಹಾಲೇಶನನ್ನು ಕೇಳಿದರೆ, ಅವ್ವನ ವಿಷಯಕ್ಕೆ ನನ್ನ ಎಳೀಬೇಡ ಮಾರಾಯ್ತಿ ಎಂದು ಆಟೋ ಒರೆಸುವುದಕ್ಕೆ ಹೊರಗೆ ನಡೆದ. ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಆ ಆಟೋವೇ ಕೆಲಸ, ಮನೆಯಲ್ಲಿ ಜಗಳ ಎದ್ದಾಗ ಅದೇ ಆಸರೆ. ಒರೆಸಿ ಒರೆಸಿ ಆ ಆಟೋದಷ್ಟು ಹೊಳೆಯುವ ಆಟೋ ಸ್ಟ್ಯಾಂಡಿನಲ್ಲಿ ಇನ್ನೊಂದಿರಲಿಲ್ಲ.

ಅಲ್ಲಿಂದ ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ನಡೆದದ್ದು ಯುದ್ಧವೇ. ಬಂಗಾರಮ್ಮನಿಗೆ ಉಪ್ಪಿಟ್ಟು ಕಂಡರಾಗದು. ತನುಜಾ ಬೆಳಗಾದರೆ ಉಪ್ಪಿಟ್ಟು ಕೆದಕಿದಳು. ಬಂಗಾರಮ್ಮ ಅದನ್ನು ಮುಟ್ಟದೆ ಕಾಗೆಗೆ ಹಾಕಿ, ತಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ತೊಳೆದಳು. ತನುಜಾ ತೊಳೆದಿಟ್ಟ ಪಾತ್ರೆಗಳನ್ನು ಹೊರಗೆ ತಂದು, ಜಿಡ್ಡು ಹೋಗಿಲ್ಲ ಎಂದು ಚಿನ್ನಮ್ಮನಿಗೆ ಕೇಳಿಸುವಂತೆ ಗೊಣಗಿ, ಇನ್ನೊಮ್ಮೆ ಉಜ್ಜಿದಳು. ತನುಜಾ ಎಲೆ ಅಡಿಕೆ ತರುವುದನ್ನು ನಿಲ್ಲಿಸಿದಳು. ಬಂಗಾರಮ್ಮ ಮಗನಿಂದ ತರಿಸಿಕೊಂಡು, ಅಗಿದು, ಸೊಸೆ ನೆಟ್ಟ ದಾಸವಾಳದ ಬುಡಕ್ಕೇ ಉಗಿದಳು. ತಟ್ಟೆ ಮಾತ್ರ ಎರಡು ಹೊತ್ತೂ ಹಿಂಬಾಗಿಲಿಗೆ ಹೋಗುತ್ತಿತ್ತು. ತಂದುಕೊಡುವವಳು ತನುಜಾಳೇ.

"ಮೊಮ್ಮಗಳ ಅನ್ನಕ್ಕೆ ಕಲ್ಲು ಹಾಕ್ತಿದ್ದೀರಲ್ಲ, ನಿಮಗೆ ಏನನ್ಸಲ್ವಾ?" ಎಂದು ಒಂದು ದಿನ ತಟ್ಟೆ ಕುಕ್ಕುತ್ತ ಕೇಳಿದಳು.

"ಅನ್ನದ ಮಾತು ನೀನು ಆಡ್ಬೇಡ."

"ಆಡ್ತೀನಿ. ಮಾಡಿ ಹಾಕೋಳು ನಾನು. ಹೊರಗೆ ಕೂತು ಊರಿಗೆಲ್ಲ ನನ್ನ ರಾಕ್ಷಸಿ ಮಾಡಿದ್ದೀರ. ಈಗ ಅವಳ ಕೆಲಸಾನೂ ತೆಗೀರಿ."

"ನಾಟಕದವಳು ನಾನಾ ನೀನಾ?" ಎಂದು ಕೇಳಿ ಬಂಗಾರಮ್ಮ ತುತ್ತಿಗೆ ಕೈಹಾಕಿದಳು.

ಕೊನೆಗೆ ಬಗ್ಗಿಸಿದ್ದು ಅನುಷಾ. ಅದೂ ಜಗಳವಾಡಿಯೇ. ಒಂದು ಸಂಜೆ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅಜ್ಜಿಯ ಮುಂದೆ ನಿಂತಳು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಮ್ಮಜ್ಜಿ ಒಪ್ಪಿದ್ರಾ ಎಂದು ಕೇಳುತ್ತಾರೆ, ನಾನು ದಿನಕ್ಕೊಂದು ಸುಳ್ಳು ಹೇಳುತ್ತೇನೆ ಎಂದಳು. ನೀವಿಬ್ಬರೂ ನಿಮ್ಮ ನಿಮ್ಮ ಹಟ ಇಟ್ಟುಕೊಂಡು ಸುಖವಾಗಿರಿ, ಕೆಲಸ ಹೋದರೆ ನಾನು ಯಾವುದಾದರೂ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತೇನೆ ಎಂದು ಅತ್ತಳು.

ಬಂಗಾರಮ್ಮ ತನ್ನ ಸೆರಗಿನಲ್ಲಿ ಮೊಮ್ಮಗಳ ಮುಖ ಒರೆಸಿದಳು. ಆಮೇಲೆ ಸೊಸೆಯ ಕಡೆ ನೋಡಿ ಹೇಳಿದಳು.

"ಹಾಡ್ತೀನಿ. ಆದ್ರೆ ಅಲ್ಲಿ ಉಣ್ಣಲ್ಲ. ನಂಗೆ ಮನೆಯಿಂದ ಬುತ್ತಿ ಕಟ್ಟು."

ತನುಜಾ ಒಪ್ಪಿದಳು. ಕಾರ್ಯಕ್ರಮದ ದಿನ ಬೆಳಿಗ್ಗೆ ಎದ್ದು ಮೊಸರನ್ನ ಕಲೆಸಿ, ಬದನೆಕಾಯಿ ಪಲ್ಯ ಮಾಡಿ, ಕ್ಯಾರಿಯರ್ ತುಂಬಿದಳು ಕೂಡ. ತುಂಬಿ ಅದನ್ನೇ ನೋಡುತ್ತ ನಿಂತಳು. ಇಡೀ ಶಿವಮೊಗ್ಗದ ದೊಡ್ಡ ಮನುಷ್ಯರೆಲ್ಲ ಎಲೆ ಮುಂದೆ ಕೂತಾಗ, ಆಸ್ಪತ್ರೆಗೆ ಊಟ ತಂದವರ ಹಾಗೆ ಈ ಮುದುಕಿ ಮೂಲೆಯಲ್ಲಿ ಡಬ್ಬಿ ಬಿಚ್ಚಿದರೆ ಹೇಗಿದ್ದೀತು? ಕರೆದವರಿಗೆ ಅವಮಾನ, ಅವರ ಸಿಟ್ಟು ಅನುಷಾಳ ಮೇಲೆ. ಹಸಿವಾದರೆ ಎಲ್ಲರ ಜೊತೆ ಕೂತು ಉಣ್ಣಲಿ, ಒಂದು ದಿನವಾದರೂ ಮನುಷ್ಯರ ಹಾಗೆ ಕೂರಲಿ. ಕ್ಯಾರಿಯರನ್ನು ಮಿಕ್ಸಿಯ ಹಿಂದೆ ಸರಿಸಿಟ್ಟು, ಡಬ್ಬಿ ಇದ್ದ ಹಾಗೆ ಕಾಣಲೆಂದು ಖಾಲಿ ಬ್ಯಾಗಿಗೆ ಒಂದು ಟವೆಲ್ ತುರುಕಿ ಹೆಗಲಿಗೇರಿಸಿಕೊಂಡಳು. ಹಾಲೇಶ್ ಸ್ಟ್ಯಾಂಡು ಬಿಟ್ಟು ಬರಲಾಗದು ಎಂದು ತಪ್ಪಿಸಿಕೊಂಡ. ಮೂವರು ಹೆಂಗಸರೂ ಬಸ್ಸು ಹತ್ತಿದರು.

ಟ್ರಸ್ಟಿನ ಸಭಾಂಗಣದ ಬಾಗಿಲಲ್ಲಿ ಪುಟ್ಟಣ್ಣ ಮಾಸ್ತರರ ಆಳೆತ್ತರದ ಫ್ಲೆಕ್ಸ್ ನಿಂತಿತ್ತು. ಅದರ ಕಾಲಬುಡದಲ್ಲಿ, 'ಗಾಯನ: ಬಂಗಾರಮ್ಮ ಮತ್ತು ಸಂಗಡಿಗರು' ಎಂದಿತ್ತು. ಸಂಗಡಿಗರು ಯಾರೂ ಬದುಕಿರಲಿಲ್ಲ.

ಒಳಗೆ ಎದುರುಗೊಂಡವರು ವಿಷ್ಣುಪ್ರಸಾದರ ತಾಯಿ ವೇದಮ್ಮ. ಪುಟ್ಟಣ್ಣ ಮಾಸ್ತರರ ಸೊಸೆ. ಹಿಂದೆ ಕಂಪನಿ ಶಿವಮೊಗ್ಗದಲ್ಲಿದ್ದಾಗ ಅಡುಗೆಯೆಲ್ಲ ಪಕ್ಕದ ಇವರ ಮನೆಯಲ್ಲೇ, ಇವರ ಉಸ್ತುವಾರಿಯಲ್ಲಿ ನಡೆಯುತ್ತಿತ್ತು. ಬಂಗಾರಿ ಬಂದೆಯಾ, ಎಷ್ಟು ಇಳಿದುಹೋಗಿದ್ದೀಯೇ ಎಂದು ಅಕ್ಕರೆಯಿಂದಲೇ ವಿಚಾರಿಸಿದರು. ತನುಜಾಳನ್ನು ನೋಡಿ, ತವರು ಎಲ್ಲಿ, ಯಾರ ಪೈಕಿ ಎಂದು ಕೇಳಿದರು. ಹೊಳೆಹೊನ್ನೂರಿನ ಧರ್ಮಪ್ಪನ ಮಗಳು ಎಂದಾಗ ಅವರ ಮುಖ ಅರಳಿತು. ಆ ಮನೆಯಿಂದ ನಮಗೆ ಅಕ್ಕಿ ಬರುತ್ತಿತ್ತಲ್ಲಮ್ಮ ಎಂದು ಕೈ ಹಿಡಿದುಕೊಂಡರು. ತನುಜಾಳಿಗೆ ಎಷ್ಟು ಹಿತವಾಯಿತೆಂದರೆ, ಹಿಡಿದದ್ದು ತನ್ನ ಕೈಯನ್ನು ಮಾತ್ರ ಎನ್ನುವುದು ಆಗ ಹೊಳೆಯಲೇ ಇಲ್ಲ.

ಬಂಗಾರಮ್ಮ ನಾಂದಿ ಹಾಡಿದಳು. ಹಿಂಬಾಗಿಲಲ್ಲಿ ಗುನುಗುವುದನ್ನು ಕೇಳಿ ಬಲ್ಲ ತನುಜಾ, ಈ ಧ್ವನಿ ಮನೆಯಲ್ಲಿ ಎಲ್ಲಿ ಅಡಗಿತ್ತು ಎಂದು ಬೆರಗಾದಳು. ವಯಸ್ಸಿಗೆ ಸಣ್ಣಗಾದ ಗಂಟಲು, ಅಲ್ಲಲ್ಲಿ ಒಡೆದದ್ದು. ಆದರೂ ಮೈಕು ಬೇಡ ಎಂದು ಪಕ್ಕಕ್ಕೆ ಸರಿಸಿ ಕೊನೆಯ ಸಾಲಿನ ಕುರ್ಚಿಗೂ ಮುಟ್ಟಿಸಿದಳು. ವಯಸ್ಸಾದ ಒಬ್ಬರು ಎದ್ದು ಒನ್ಸ್ ಮೋರ್ ಎಂದರು. ಬಂಗಾರಮ್ಮ ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಹಾಡಿದಳು. ಅನುಷಾ ಕಣ್ಣೊರೆಸಿಕೊಂಡಳು. ತನುಜಾಳೂ ಚಪ್ಪಾಳೆ ತಟ್ಟಿದಳು. ಇಷ್ಟು ಹಾಡುವವಳು ಇಷ್ಟು ದಿನ ಸತಾಯಿಸಿದಳಲ್ಲ ಎಂದು ಸಿಟ್ಟೂ ಬಂತು.

ಮುಖ್ಯ ಭಾಷಣ ನಿವೃತ್ತ ಪ್ರೊಫೆಸರ್ ಪರಮೇಶ್ವರಪ್ಪನವರದು. ಕಂಪನಿ ನಾಟಕ ಸಮಾನತೆಯ ಪಾಠಶಾಲೆಯಾಗಿತ್ತು, ಬಣ್ಣ ಹಚ್ಚಿದ ಮೇಲೆ ಅಲ್ಲಿ ಜಾತಿಯಿರಲಿಲ್ಲ, ಅದು ಒಂದೇ ಕುಟುಂಬ, ಒಂದೇ ಅಡುಗೆ ಎಂದು ಅವರು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೂಲೆಯಲ್ಲಿದ್ದ ಬಂಗಾರಮ್ಮ ಕಾಲ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದಳು.

ಊಟಕ್ಕೆ ಪಕ್ಕದಲ್ಲೇ ಇದ್ದ ಮನೆಗೆ ಕರೆದುಕೊಂಡು ಹೋದರು. ನಡುಮನೆಯಲ್ಲಿ ಎರಡು ಸಾಲು ಎಲೆ ಹಾಕಿದ್ದರು. ವೇದಮ್ಮ ತಾವೇ ನಿಂತು ಕೂರಿಸುತ್ತಿದ್ದರು. ಪ್ರೊಫೆಸರು ಇಲ್ಲಿ, ಅವರು ಅಲ್ಲಿ, ನೀನು ಬಾಮ್ಮ ಇಲ್ಲಿ ಕೂತುಕೋ ಎಂದು ತನುಜಾಳನ್ನೂ ಅನುಷಾಳನ್ನೂ ಕೂರಿಸಿದರು. ಬಂಗಾರಮ್ಮ ಗೋಡೆಯ ಪಕ್ಕ ನಿಂತೇ ಇದ್ದಳು. ಅವಳು ಸೊಸೆಯ ಹೆಗಲಿನ ಬ್ಯಾಗಿನ ಕಡೆ ನೋಡಿದಳು. ತನುಜಾ ಕಣ್ಣು ತಪ್ಪಿಸಿದಳು.

"ಬಂಗಾರಿ, ನಿನ್ನ ಎಲೆ ಹಿಂದ್ಗಡೆ ಹಾಕ್ಸಿದ್ದೀನಿ ಕಣೆ. ಆರಾಮಾಗಿ ಕೂತು ಉಣ್ಣು" ಎಂದರು ವೇದಮ್ಮ.

ಬಂಗಾರಮ್ಮ ಒಳಗಿನ ಬಾಗಿಲು ದಾಟಿ ಹೋದಳು. ದಾರಿಯನ್ನು ಯಾರೂ ತೋರಿಸಬೇಕಾಗಿರಲಿಲ್ಲ.

ತನುಜಾಳ ಪಕ್ಕದ ಎಲೆ ಖಾಲಿಯಿತ್ತು. ಅವಳು ಅದನ್ನು ತೋರಿಸಿ, "ಅಮ್ಮಾ, ಅತ್ತೆಗೆ ಇಲ್ಲೇ ಜಾಗ ಇದೆಯಲ್ಲ" ಎಂದಳು.

ವೇದಮ್ಮ ನಕ್ಕರು. ಆ ನಗುವಿನಲ್ಲಿ ಕೆಡುಕು ಇರಲಿಲ್ಲ, ಅದೇ ತಡೆಯಲಾಗದ್ದು.

"ಅವಳಿಗೆ ಅಲ್ಲೇ ರೂಢಿ ಕಣಮ್ಮ. ಹೇಳಿದ್ರೂ ಕೇಳಲ್ಲ."

ತನುಜಾ ಎಲೆಗೆ ನೀರು ಚಿಮುಕಿಸುತ್ತಿದ್ದಳು. ಕೈ ನಿಂತಿತು. ಚಿನ್ನಮ್ಮನಿಗೆ, ಕರೆಂಟಿನವನಿಗೆ, ತವರಿನವರಿಗೆ ತಾನು ಹೇಳಿದ ಮಾತು, ಅದೇ ನಗುವಿನ ಜೊತೆ, ಬೇರೆಯವರ ಬಾಯಿಯಿಂದ ತನ್ನ ಮುಂದೆಯೇ ಬಂದು ಬಿದ್ದಿತ್ತು. ಪಾಯಸ ಬಡಿಸುವವನು ಬಂದು ಕಾಯುತ್ತ ನಿಂತ. ತನುಜಾ ಎದ್ದು ಹಿಂದಕ್ಕೆ ಹೋದಳು.

ಹಿಂದೆ ಒಂದು ವಾಷಿಂಗ್ ಮೆಷಿನ್, ಅದರ ಪಕ್ಕ ಹಳೆಯ ಒಗೆಯುವ ಕಲ್ಲು, ಒಂದು ಮೆಟ್ಟಿಲು. ಮೆಟ್ಟಿಲ ಮೇಲೆ ಬಂಗಾರಮ್ಮ ಮನೆಗೆ ಬೆನ್ನು ಹಾಕಿ ಕೂತಿದ್ದಳು. ಅದೇ ಬೆನ್ನು. ಇಷ್ಟು ವರ್ಷ ತನ್ನ ಮೇಲಿನ ಹಗೆ ಎಂದುಕೊಂಡಿದ್ದ ಆ ಕೂರುವ ಭಂಗಿಯನ್ನು ಅತ್ತೆ ಇಲ್ಲಿಂದಲೇ ಕಲಿತು ತಂದದ್ದು ಎಂದು ತನುಜಾಳಿಗೆ ಆಗ ತಿಳಿಯಿತು. ರಂಗದ ಮೇಲೆ ರಾಣಿಯಾಗಿ, ರಾಜನ ಪಕ್ಕ ಕೂತು, ಬಣ್ಣ ಒರೆಸಿಕೊಂಡು ಬಂದು ಇಲ್ಲಿ ಉಂಡವಳು ಇವಳು.

ಎಲೆಯ ಮೇಲಿನ ಅನ್ನ ಹಾಗೇ ಇತ್ತು.

"ಬುತ್ತಿ ಎಲ್ಲಿ?" ಎಂದಳು ಬಂಗಾರಮ್ಮ, ತಿರುಗದೆ.

"ತಂದಿಲ್ಲ."

"ಮರೆತೆಯಾ?"

ಮರೆತೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. "ಬೇಕಂತ್ಲೇ ಬಿಟ್ಟು ಬಂದೆ" ಎಂದಳು ತನುಜಾ.

ಬಂಗಾರಮ್ಮ ಎದ್ದಳು. ಎಲೆಯನ್ನು ಮಡಿಸಲಿಲ್ಲ. ಕೈ ಕೂಡ ತೊಳೆಯದೆ, ತೊಳೆಯುವಂಥದ್ದೇನೂ ಇರಲಿಲ್ಲ, ಪಕ್ಕದ ಗೇಟಿನಿಂದ ರಸ್ತೆಗಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಸುದ್ದಿ ತಿಳಿದು ವಿಷ್ಣುಪ್ರಸಾದ ಕೈ ಒರೆಸಿಕೊಳ್ಳುತ್ತ ಬಂದರು. ಮಂಗಳ ಉಳಿದಿದೆ, ಸಭಾಂಗಣದಲ್ಲಿ ಜನ ಕಾಯುತ್ತಿದ್ದಾರೆ ಎಂದರು. ವೇದಮ್ಮ, ಮಂಗಳ ಹಾಡದೆ ಹೋಗುವುದೆಂದರೇನು, ಈ ಮನೆಗೆ ಒಳ್ಳೆಯದಾಗುತ್ತದೆಯೇ ಎಂದು ಎದೆ ಹಿಡಿದುಕೊಂಡರು. ಅವಳು ಮೊದಲಿನಿಂದಲೂ ಮುಂಗೋಪಿ ಎಂದೂ ಸೇರಿಸಿದರು. ವಿಷ್ಣುಪ್ರಸಾದ ಅನುಷಾಳ ಕಡೆ ತಿರುಗಿದರು.

"ಟೀಚರ್, ನಿಮಗೂ ಬರುತ್ತಲ್ಲ ಅದು. ನೀವೇ ಹಾಡಿ ಮುಗಿಸಿಬಿಡಿ. ಕಮಿಟಿಯವರೂ ಇಲ್ಲೇ ಇದ್ದಾರೆ."

ಅನುಷಾ ತಾಯಿಯ ಮುಖ ನೋಡಿದಳು. ಮಗಳ ಕೆಲಸಕ್ಕಾಗಿ ವಾರಗಟ್ಟಲೆ ಉಪ್ಪಿಟ್ಟು ಕೆದಕಿದ ತನುಜಾ, ಆ ಕೆಲಸ ಒಂದು ಹಾಡಿನಾಚೆ ನಿಂತಿರುವುದನ್ನು ಕಣ್ಣಾರೆ ಕಂಡಳು. ಬ್ಯಾಗನ್ನು ಹೆಗಲಿಗೇರಿಸಿದಳು.

"ಅನುಷಾ, ಚಪ್ಪಲಿ ಹಾಕ್ಕೋ."

ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು. ಇಳಿಯುವಾಗ ಅನುಷಾ ತಾಯಿಗೆ ಕೇಳಿಸುವಂತೆ, ನಿಮ್ಮಿಬ್ಬರ ಜಗಳಕ್ಕೆ ನನ್ನ ಕೆಲಸ ಕೊಟ್ಟಾಯಿತು, ಈಗ ಸಮಾಧಾನವಾಯಿತೇ ಎಂದಳು.

ಮನೆಗೆ ಬಂದವಳೇ ಬಂಗಾರಮ್ಮ ಅಡುಗೆಮನೆಗೆ ಹೋಗಿ ಹುಡುಕಿ, ಮಿಕ್ಸಿಯ ಹಿಂದಿನ ಕ್ಯಾರಿಯರ್ ತೆಗೆದು, ಹಿಂಬಾಗಿಲಲ್ಲಿ ಕೂತು ಬಿಚ್ಚಿದಳು. ಬೆಳಗಿನ ಮೊಸರನ್ನ ಹುಳಿ ಬಂದಿತ್ತು. ತಿನ್ನತೊಡಗಿದಳು.

"ಅತ್ತೆ, ಅದು ಬೇಡ. ಒಳಗೆ ಬನ್ನಿ, ಬಿಸಿ ಮಾಡ್ತೀನಿ" ಎಂದಳು ತನುಜಾ.

"ಯಾಕೆ? ಚಿನ್ನಮ್ಮ ನೋಡ್ತಾಳಾ?"

"ಆಯಮ್ಮ ನಿಮ್ಮನ್ನ ಅಲ್ಲಿ ಕೂರಿಸಿದ್ದು ತಪ್ಪು. ನಂಗೆ ಗೊತ್ತಿರಲಿಲ್ಲ."

"ಅಲ್ಲೇ ರೂಢಿ ಅಂತ ಆಯಮ್ಮ ಅಂದಿದ್ದು ನಂಗೂ ಕೇಳಿಸ್ತು. ಆಯಮ್ಮ ಅಂದಿದ್ದು ಒಂದ್ಸಲ. ನೀನು ದಿನಾ ಅಂತೀಯ."

ತನುಜಾಳಿಗೆ ಸಿಟ್ಟು ಬಂತು. ತಪ್ಪು ಒಪ್ಪಿಕೊಳ್ಳಲು ಹೋದವಳಿಗೆ ಬರುವ ಸಿಟ್ಟು ಅದು. "ನಾನು ಕೂರಿಸಿದ್ನಾ ನಿಮ್ಮನ್ನ ಇಲ್ಲಿ? ನಾನು ಬಂದಾಗಲೇ ನೀವು ಇಲ್ಲಿ ಕೂತಿದ್ರಿ."

ಬಂಗಾರಮ್ಮ ಮೊದಲ ಸಲ ತಿರುಗಿ ಕೂತಳು.

"ಕೂತಿದ್ದೆ. ನೀನು ಬಂದ ದಿನಾನೇ ಕೂತಿದ್ದು. ಅದಕ್ಕೆ ಮುಂಚೆ ನಾನು ನನ್ ಮಗ ಒಲೆ ಮುಂದೆ ಒಟ್ಟಿಗೇ ಉಣ್ತಿದ್ವಿ, ಕೇಳು ಅವನ್ನ. ಮೇಲಿನ ಮನೆ ಹುಡುಗಿ ಬಂದಿದ್ದಾಳೆ, ನನ್ ಜೊತೆ ಕೂತು ಉಣ್ತಾಳೋ ಇಲ್ವೋ ನಂಗೇನ್ ಗೊತ್ತು. ಕರೀಲಿ, ಕರೆದ್ರೆ ಹೋಗೋಣ ಅಂತ ಇಲ್ಲಿ ಬಂದು ಕೂತೆ. ನೀನು ತಟ್ಟೆ ತಂದು ಕೈಗೆ ಕೊಟ್ಟೆ."

ಆಟೋ ನಿಲ್ಲಿಸಿ ಒಳಗೆ ಬಂದಿದ್ದ ಹಾಲೇಶ್ ಬಾಗಿಲಲ್ಲೇ ನಿಂತ. ಹೌದೇ ಎಂದು ತನುಜಾ ಅವನ ಮುಖ ನೋಡಿದಳು. ಹೊಸ ಜೋಡಿ ಅಂತ ಅವ್ವ ದೂರ ಕೂತಳು ಅಂದುಕೊಂಡಿದ್ದೆ ಎಂದು ಅವನು ತಡವರಿಸಿದ. ಹೆತ್ತ ಮಗನೇ ಕೇಳಲಿಲ್ಲ, ಇವಳು ಕೇಳ್ತಾಳಾ ಎಂದು ಬಂಗಾರಮ್ಮ ಡಬ್ಬಿಗೆ ಹೇಳಿದಳು.

ತನುಜಾಳಿಗೆ ಆ ದಿನ ನೆನಪಾಯಿತು. ತಲೆಗೆ ಸೆರಗು ಹೊದ್ದು, ದೊಡ್ಡವರಿಗೆ ಮೊದಲು ಎಂದು ಅನ್ನ ಸಾರು ಬಡಿಸಿ, ಹುಡುಕಿಕೊಂಡು ಹಿಂಬಾಗಿಲಿಗೆ ಒಯ್ದಿದ್ದಳು. ಗಾಳಿಗೆ ಕೂತಿದ್ದಾರೆ, ಇವರಿಗೆ ಇಲ್ಲೇ ರೂಢಿ ಇರಬೇಕು ಎಂದುಕೊಂಡಿದ್ದಳು. ಅದನ್ನು ಮರ್ಯಾದೆ ಎಂದೇ ತಿಳಿದಿದ್ದಳು.

"ಆಮೇಲೆ ಒಳಗೆ ಬನ್ನಿ ಅಂತ ನಾನು ಎಷ್ಟು ಸಲ ಅಂದಿಲ್ಲ?"

"ಅಂದಿದ್ದೀಯ. ಜನ ನೋಡ್ತಾರೆ ಬನ್ನಿ, ನನ್ ಮಾನ ಹೋಗುತ್ತೆ ಬನ್ನಿ, ಚಿನ್ನಮ್ಮ ಆಡ್ಕೊಳ್ತಾಳೆ ಬನ್ನಿ. ಊಟಕ್ಕೆ ಬನ್ನಿ ಅಂತ ಒಂದ್ಸಲನೂ ಅಂದಿಲ್ಲ."

ತನುಜಾ ಒಳಗೆ ಹೋಗಿ ಒಲೆ ಹಚ್ಚಿದಳು, ಆರಿಸಿದಳು. ಆ ದಿನ ಮನೆಯಲ್ಲಿ ಅಡುಗೆ ಆಗಲಿಲ್ಲ.

ಮರುದಿನ ಅನುಷಾ ಮಧ್ಯಾಹ್ನಕ್ಕೇ ಹಿಂದಿರುಗಿದಳು. ಈ ತಿಂಗಳು ಮುಗಿದ ಮೇಲೆ ಬರುವುದು ಬೇಡ ಎಂದಿದ್ದರು. ಯಾರೂ ಬೈಯಲಿಲ್ಲವಂತೆ, ಎಲ್ಲರೂ ಬಹಳ ಮರ್ಯಾದೆಯಿಂದ ಹೇಳಿದರಂತೆ. ಹಾಲೇಶ್ ಆಟೋ ಒರೆಸಲು ಹೊರಗೆ ಹೋಗದೆ ಮಗಳ ಪಕ್ಕ ಕೂತ. ತನುಜಾ ಅಕ್ಕಿರೊಟ್ಟಿ ಬೇಯಿಸಿ, ಮೀನು ಸಾರು ಇಳಿಸಿ, ನೆಲದ ಮೇಲೆ ಸಾಲಾಗಿ ನಾಲ್ಕು ತಟ್ಟೆ ಇಟ್ಟಳು. ಹಿಂಬಾಗಿಲಿಗೆ ಬರಿಗೈಯಲ್ಲಿ ಹೋದಳು.

"ಅತ್ತೆ, ಊಟಕ್ಕೆ ಬನ್ನಿ."

ಬೆನ್ನು ಅಲುಗಲಿಲ್ಲ. ಕಾಂಪೌಂಡಿನ ಆಚೆ ಚಿನ್ನಮ್ಮ ಒದ್ದೆ ಸೀರೆಯನ್ನು ಹಗ್ಗಕ್ಕೆ ಹಾಕುತ್ತಿದ್ದಳು.

"ಕೇಳಿಸ್ಲಿಲ್ಲ" ಎಂದಳು ಬಂಗಾರಮ್ಮ.

ತನುಜಾ ಇನ್ನೊಮ್ಮೆ ಕರೆದಳು.

"ಗಟ್ಟಿಯಾಗಿ ಕರಿ. ಅಲ್ಲೇ ರೂಢಿ ಅನ್ನೋವಾಗ ಗಂಟಲು ಚೆನ್ನಾಗಿತ್ತಲ್ಲ ನಿಂದು. ಆಚೆ ಮನೆಗೂ ಕೇಳಿಸ್ಬೇಕು."

ತನುಜಾಳ ಮುಖಕ್ಕೆ ರಕ್ತ ನುಗ್ಗಿತು. ತಿರುಗಿ ಒಳಗೆ ಹೋಗಿಬಿಡೋಣ ಎನಿಸಿತು. ಚಿನ್ನಮ್ಮ ಸೀರೆ ಹಿಡಿದುಕೊಂಡೇ ಇತ್ತ ನೋಡುತ್ತಿದ್ದಳು. ತನುಜಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಅವಮಾನವನ್ನೂ ಸಿಟ್ಟನ್ನೂ ಸೇರಿಸಿ, ಬೀದಿಯ ಕೊನೆಯವರೆಗೆ ಕೇಳಿಸುವಂತೆ ಅತ್ತೆಯನ್ನು ಊಟಕ್ಕೆ ಕರೆದಳು.

ಬಂಗಾರಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಹೊಸ್ತಿಲು ದಾಟುವಾಗ ಸೊಸೆಯ ಮುಖ ನೋಡಲಿಲ್ಲ.

"ಸಾರು ಆರಿದ್ರೆ ನಿನ್ನ ಬಿಡಲ್ಲ" ಎಂದು ಹೇಳಿ, ಒಳಗೆ ಹೋಗಿ, ನಾಲ್ಕನೆಯ ತಟ್ಟೆಯ ಮುಂದೆ ಕೂತಳು.